ಚುಕ್ಕಿಯಲ್ಲಿ ಎಷ್ಟು ಇಂಚು ನೀರು?

ಆಕಾಶದ ಚುಕ್ಕಿಯ ಸುತ್ತ ಬಿದ್ದಿರುವ ನೀರು ಎಷ್ಟು ಇಂಚು ಎಂದು ತುಂಬಿದ ಸಭೆಯಲ್ಲಿ ಎದ್ದು ನಿಂತು ಕೇಳಿದ ಮನುಷ್ಯ ಈ ಭೂಮಿಯ ಮೇಲೆ ಒಬ್ಬನೇ ಇದ್ದಾನೆ. ಅದೃಷ್ಟಕ್ಕೋ ದುರದೃಷ್ಟಕ್ಕೋ, ಅವನು ನನ್ನ ಸೋದರಮಾವ! ನಂಬುವುದಿಲ್ಲವೇ? ಬೇಡ ಬಿಡಿ. ಪಕ್ಕದಲ್ಲೇ ಕೂತಿದ್ದ ನನಗೇ ನಂಬಲು ಎರಡು ದಿನ ಬೇಕಾಯಿತು. ಆಮೇಲಿಂದ ನನ್ನ ತಲೆ ಮೊಸರುಗಡಿಗೆಯಾಗಿದೆ. ನಾನು ಗೋಕಾಕದ ಒಂದು ಹೈಸ್ಕೂಲಿನಲ್ಲಿ ಕನ್ನಡ ಕಲಿಸುವವಳು. ಸಂಧಿ ಬಿಡಿಸು ಅಂದರೆ ಬಿಡಿಸುತ್ತೇನೆ, ಸಮಾಸ ಕೇಳಿದರೆ ಹೇಳುತ್ತೇನೆ. ಬೆಂಕಿಯ ಉಂಡೆಯಂಥ ಚುಕ್ಕಿಯ ಹತ್ತಿರ ನೀರು ಹೇಗೆ ಇರುತ್ತದೆ ಎಂದು ಕೇಳಿದರೆ ನಾನೇನು ಹೇಳಲಿ? ಆದರೆ ನಮ್ಮ ಮಾಮಾನ ಲೆಕ್ಕದಲ್ಲಿ ಸಾಲಿ ಕಲಿಸುವವರು ಅಂದರೆ ಎಲ್ಲ ತಿಳಿದವರು.

ಮೊದಲು ಅವನ ಪರಿಚಯ ಮಾಡಿಕೊಡುತ್ತೇನೆ. ಊರು ಮೂಡಲಗಿ. ಬಿಳಿ ಧೋತರ, ಬಿಳಿ ಟೊಪ್ಪಿಗೆ, ಕಾಲಲ್ಲಿ ಕಿರ್ ಕಿರ್ ಅನ್ನುವ ಚಪ್ಪಲಿ. ಮನುಷ್ಯ ಬರುವ ಮೊದಲು ಚಪ್ಪಲಿಯ ಸಪ್ಪಳ ಬರುತ್ತದೆ. ಕೆಲಸ ಏನೆಂದರೆ ನೀರು ತೋರಿಸುವುದು. ಬೋರ್ ಹೊಡೆಸುವವರು ಇವನನ್ನು ಕರೆಯುತ್ತಾರೆ. ಇವನು ಚಪ್ಪಲಿ ಬಿಟ್ಟು, ಕೈಗಡಿಯಾರ ಬಿಚ್ಚಿ, ಜುಟ್ಟಿರುವ ತೆಂಗಿನಕಾಯಿಯನ್ನು ಬಲ ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಜಾಗದ ತುಂಬ ಅಡ್ಡಾಡುತ್ತಾನೆ. ಕೆಳಗೆ ನೀರಿದ್ದ ಕಡೆ ಮಲಗಿದ ಕಾಯಿ ತಾನೇ ಎದ್ದು ನಿಲ್ಲುತ್ತದೆ! ಹೇಗೆ ಎಂದು ನಾನು ಲಂಗ ಹಾಕುತ್ತಿದ್ದ ಕಾಲದಿಂದ ಕೇಳುತ್ತಿದ್ದೇನೆ. ನೀರು ಕರೆಯುತ್ತದೆ, ಕಾಯಿ ಏಳುತ್ತದೆ ಎನ್ನುತ್ತಾನೆ. ಇದಕ್ಕಿಂತ ಹೆಚ್ಚಿನ ವಿಜ್ಞಾನ ಅವನಿಗೂ ಬೇಕಾಗಿರಲಿಲ್ಲ, ಕರೆದವರಿಗೂ ಬೇಕಾಗಿರಲಿಲ್ಲ. ರೊಕ್ಕ ಮುಟ್ಟುವುದಿಲ್ಲ, ಆ ಕಾಯಿಯೊಂದೇ ಅವನ ಸಂಭಾವನೆ. ಹಾಗಾಗಿ ಅವನ ಮನೆಯಲ್ಲಿ ಮೂರು ಹೊತ್ತೂ ಕೊಬ್ಬರಿ ಚಟ್ನಿ. ಮಂದಿ ಮನೆಯಲ್ಲಿ ನೀರು ಬೀಳುತ್ತದೆ, ನಮ್ಮ ಮನೆಯಲ್ಲಿ ಬರೀ ಕಾಯಿ ಬೀಳುತ್ತವೆ ಎಂದು ಮಾಮಿ ಆಡಿಕೊಳ್ಳುತ್ತಾಳೆ.

ಇಂಥವನಿಗೆ ಹೋದ ವರ್ಷ ಗ್ರಹಚಾರ ಕೆಟ್ಟಿತು. ಒಂದು ಕಲ್ಯಾಣಮಂಟಪದ ಹಿತ್ತಲಲ್ಲಿ, ಇಲ್ಲೇ ಕೊರೆಯಿರಿ ಎಂದು ಪಾಯಿಂಟ್ ಕೊಟ್ಟ. ಯಂತ್ರ ಕೊರೆಯಿತು, ಕೊರೆಯಿತು, ಕೊರೆಯುತ್ತಲೇ ಹೋಯಿತು. ಬಂದದ್ದು ಬರೀ ಬಿಳಿ ಧೂಳು. ಮಾಲಕರು ಅಂದು ಯಾರದೋ ಮದುವೆಗೆಂದು ಹೊಸ ಕೋಟು ಹಾಕಿಕೊಂಡು ನಿಂತಿದ್ದರು. ಧೂಳು ಇಳಿದ ಮೇಲೆ ನೋಡಿದರೆ ಹಿಟ್ಟಿನ ಗಿರಣಿಯಿಂದ ಎದ್ದು ಬಂದವರ ಹಾಗೆ ಕಾಣುತ್ತಿದ್ದರಂತೆ! ಎರಡು ತಿಂಗಳಲ್ಲಿ ಮೂಡಲಗಿಯಲ್ಲೇ ಇನ್ನೊಂದು ಪಾಯಿಂಟ್ ಕೊಟ್ಟ. ಅಲ್ಲೂ ಧೂಳು. ಅದುವರೆಗೆ ಇವನನ್ನು ನೀರಿನ ಸಾವಕಾರ ಎನ್ನುತ್ತಿದ್ದ ಮಂದಿ ಧೂಳಿನ ಸಾವಕಾರ ಎನ್ನತೊಡಗಿದರು. ಮಂದಿಯ ಬಾಯಿಗೆ ಬೀಗ ಹಾಕಲಿಕ್ಕೆ ಆಗುತ್ತದೆಯೇ? ಮಾಮಾ ಯಾರು ಕರೆದರೂ ಹೋಗದೆ ಮನೆ ಹಿಡಿದು ಕೂತ.

ಸರಿಯಾಗಿ ಅದೇ ಹೊತ್ತಿಗೆ ನಾವು ಗೋಕಾಕದ ಅಂಚಿನಲ್ಲಿ ಮನೆ ಕಟ್ಟಿಸಲು ಹೊರಟೆವು. ಮೊದಲು ಬೋರ್ ಆಗಬೇಕು. ನನ್ನ ತಮ್ಮನೇ ನೀರು ತೋರಿಸಬೇಕು ಎಂದು ಅವ್ವ ಪಟ್ಟು ಹಿಡಿದಳು. ಹುಕ್ಕೇರಿಯಿಂದ ಮಿಶನ್ ಇಟ್ಟು ನೆಲದೊಳಗಿನ ನೀರು ನೋಡುವವನನ್ನು ಕರೆಸೋಣ ಎಂದು ನಮ್ಮ ಮನೆಯವರು. ನನಗೆ ಅತ್ತ ದರಿ ಇತ್ತ ಪುಲಿ. ಮಾಮಾನನ್ನು ಕರೆದು ಮೂರನೆಯ ಸಲವೂ ಧೂಳು ಬಂದರೆ ಅವನು ಮತ್ತೆ ಮೂಡಲಗಿ ಪೇಟೆಯಲ್ಲಿ ತಲೆ ಎತ್ತಿ ನಡೆಯುವ ಹಾಗಿಲ್ಲ. ಕರೆಯದೇ ಬಿಟ್ಟರೆ, ಸ್ವಂತ ಅಕ್ಕನ ಮಗಳೇ ಇವನನ್ನು ನಂಬಲಿಲ್ಲ ಎಂದಾಗುತ್ತದೆ. ಎರಡರಲ್ಲಿ ಯಾವುದಾದರೂ ಅವನ ಮಾನ ಹೋದಂತೆಯೇ. ಕೊನೆಗೆ ಧೈರ್ಯ ಮಾಡಿ ಕರೆದೆ. “ನೋಡೋಣು” ಎಂದ. ನಮ್ಮ ಕಡೆ ನೋಡೋಣು ಅಂದರೆ ಬರುವುದಿಲ್ಲ ಅಂತ ಅರ್ಥ.

ಇಷ್ಟರಲ್ಲಿ ನಮ್ಮ ಹೈಸ್ಕೂಲಿನ ಮಕ್ಕಳನ್ನು ಹುಕ್ಕೇರಿ ತಾಲೂಕಿನ ಒಂದು ಕಾಲೇಜಿಗೆ ವಿಜ್ಞಾನ ಪ್ರದರ್ಶನ ತೋರಿಸಲು ಕರೆದುಕೊಂಡು ಹೋಗುವುದಿತ್ತು. ಬಸ್ಸಿನಲ್ಲಿ ಜಾಗ ಇತ್ತು. ಮನೆಯಲ್ಲಿ ಕೂತು ಕೂತು ಬೂಸ್ಟು ಹಿಡಿಯುತ್ತಿದ್ದಾನಲ್ಲ ಎಂದು ಮಾಮಾನನ್ನೂ ಗೋಕಾಕಕ್ಕೆ ಕರೆಸಿ ಹತ್ತಿಸಿಕೊಂಡೆ. ನಾನು ಮಾಡಿದ ತಪ್ಪು ಇದೊಂದೇ ನೋಡಿ! ಅಲ್ಲಿ ಮಧ್ಯಾಹ್ನ ಒಬ್ಬಳು ವಿಜ್ಞಾನಿಯ ಉಪನ್ಯಾಸವಿತ್ತು. ಸಂಕೇಶ್ವರದ ಹುಡುಗಿ, ಎಲ್ಲೋ ದೂರದಲ್ಲಿ ಸಂಶೋಧನೆ ಮಾಡುತ್ತಾಳೆ, ರಜೆಗೆ ಊರಿಗೆ ಬಂದಿದ್ದಳು. ಪರದೆಯ ಮೇಲೆ ಬಣ್ಣ ಬಣ್ಣದ ಮೋಡಗಳ ಚಿತ್ರ. ಇಲ್ಲಿ ಹೊಸ ನಕ್ಷತ್ರಗಳು ಹುಟ್ಟುತ್ತಿವೆ ಎಂದಳು. ಮಾಮಾ ಬೆಂಚಿಗೆ ಒರಗಿ ತೂಕಡಿಸುತ್ತಿದ್ದ. “ನಾವು ಅಲ್ಲಿ ನೀರು ಹುಡುಕತೇವಿ” ಎಂದಳು ನೋಡಿ, ಯಾರೋ ಚಿವುಟಿದ ಹಾಗೆ ನೆಟ್ಟಗಾದ.

ಅವಳು ಹೇಳಿದ್ದರಲ್ಲಿ ನನಗೆ ತಿಳಿದಷ್ಟು ಹೇಳುತ್ತೇನೆ, ತಪ್ಪಿದ್ದರೆ ಕನ್ನಡದ ಟೀಚರೆಂದು ಕ್ಷಮಿಸಿ. ಆ ಮೋಡದಲ್ಲಿ ಧೂಳಿದೆ. ಧೂಳಿನ ಒಂದೊಂದು ಕಣಕ್ಕೂ ನೀರು ಮಂಜುಗಡ್ಡೆಯಾಗಿ ಅಂಟಿಕೊಂಡಿರುತ್ತದೆ. ಎಳೆಯ ನಕ್ಷತ್ರ ಕಾಯುತ್ತ ಬಂದಂತೆ ಸುತ್ತಲಿನ ಮಂಜುಗಡ್ಡೆ ಹಬೆಯಾಗುತ್ತದೆ. ಆ ಹಬೆಯಿಂದ ಕಣ್ಣಿಗೆ ಕಾಣದ ಒಂದು ಬಗೆಯ ಬೆಳಕು ಬರುತ್ತದೆ, ಅದನ್ನು ದೂರದರ್ಶಕದಲ್ಲಿ ಹಿಡಿದು ಇಲ್ಲಿ ನೀರಿದೆ ಎನ್ನುತ್ತಾರೆ. ಆದರೆ ನಮ್ಮ ಗಾಳಿಯಲ್ಲೂ ನೀರಿನ ಹಬೆ ಇದೆಯಲ್ಲ, ಅದು ಆ ಬೆಳಕಿನ ಬಹುಪಾಲನ್ನು ದಾರಿಯಲ್ಲೇ ನುಂಗಿಬಿಡುತ್ತದೆ. ಅದಕ್ಕೇ ದೂರದರ್ಶಕವನ್ನು ಗಾಳಿಯಾಚೆ ಕಳಿಸಿ ಅಲ್ಲಿಂದ ನೋಡುತ್ತಾರೆ.

ಪ್ರಶ್ನೆ ಕೇಳಿ ಎಂದರು. ಮಾಮಾ ಎದ್ದ. ನಾನು ಅವನ ಧೋತರದ ಚುಂಗು ಹಿಡಿದು ಎಳೆದೆ. ಬಿಡಿಸಿಕೊಂಡು ಕೇಳಿಯೇಬಿಟ್ಟ.

“ಎಷ್ಟ ಇಂಚ ಬಿದ್ದೈತ್ರಿ?”

ಬೋರಿನ ನೀರನ್ನು ನಾವು ಇಂಚಿನಲ್ಲಿ ಅಳೆಯುತ್ತೇವೆ. ಒಂದು ಇಂಚು ಬಿದ್ದರೆ ಮನೆಗೆ ಸಾಕು, ಮೂರು ಇಂಚು ಬಿದ್ದರೆ ಪೇಢೆ ಹಂಚುತ್ತಾರೆ. ಮಾಮಾನ ಪ್ರಶ್ನೆಯಲ್ಲಿ ಏನೂ ತಪ್ಪಿರಲಿಲ್ಲ. ಆದರೆ ಸಭೆಗೆ ಸಭೆಯೇ ಹೊಟ್ಟೆ ಹಿಡಿದುಕೊಂಡು ನಕ್ಕಿತು. ನಾನು ಬೀಳದೇ ಇದ್ದ ಪೆನ್ನನ್ನು ಬೆಂಚಿನ ಕೆಳಗೆ ಹುಡುಕತೊಡಗಿದೆ. ಪುಣ್ಯಕ್ಕೆ ಹುಡುಗಿ ಸಂಕೇಶ್ವರದವಳು, ನಗಲಿಲ್ಲ. ಇಂಚಿನಲ್ಲಿ ಹೇಳಲು ಬರುವುದಿಲ್ಲ, ನಮ್ಮ ಸಮುದ್ರಗಳನ್ನೆಲ್ಲ ಕೂಡಿಸಿದರೂ ಅದರ ಮುಂದೆ ಒಂದು ತಂಬಿಗೆ ಎಂದಳು. ನೀರು ಸವಳೋ ಸಿಹಿಯೋ ಎಂದು ಮಾಮಾ ಕೇಳಿದ. ಯಾರೂ ಕುಡಿದು ನೋಡಿಲ್ಲ ಎಂದಳು. ತೋಡಿದ್ದೀರಾ ಎಂದ. ಇಲ್ಲ ಎಂದಳು. ಇವನು ಕೂತ. ವಾಪಸು ಬರುವಾಗ ಘಟಪ್ರಭೆಯ ಸೇತುವೆಯ ಮೇಲೆ ನನ್ನ ಕಡೆ ತಿರುಗಿದ. ಅಕ್ಕನ ಮಗಳಾದರೂ ನನ್ನನ್ನು ಅವನು ಕರೆಯುವುದು ತಂಗಿ ಎಂದೇ.

“ತೋಡದನ ಹೇಳ್ತಾರ ತಂಗಿ. ಮತ್ತ ಮಂದಿ ನಂಬತಾರ.”

ಮರುದಿನದಿಂದ ಶುರುವಾಯಿತು ನೋಡಿ ನನ್ನ ಪಾಡು! ನಾನು ರೊಟ್ಟಿ ಬಡಿಯುವ ಹೊತ್ತಿಗೆ ಸರಿಯಾಗಿ ಮೂಡಲಗಿಯಿಂದ ಫೋನು. ದಿನಕ್ಕೊಂದು ಅನುಮಾನ. ಬೆಂಕಿ ಮತ್ತು ನೀರು ಒಂದೇ ಮನೆಯಲ್ಲಿ ಹೇಗೆ ಇರುತ್ತವೆ? ಚುಕ್ಕಿ ಆರಿಹೋಗುವುದಿಲ್ಲವೇ? ಒಂದು ಕೈಯಲ್ಲಿ ಫೋನು, ಒಂದು ಕೈಯಲ್ಲಿ ರೊಟ್ಟಿ, ಎರಡೂ ಸೀಯುತ್ತಿದ್ದವು. ನಮ್ಮ ಸಾಲಿಯ ವಿಜ್ಞಾನದ ಸರ್ ಹತ್ತಿರ ಹೋಗಿ ಕೇಳಿದೆ. ಅವರು ಕರಿಹಲಗೆಯ ಮೇಲೆ ಚಿತ್ರ ಬರೆದು, ಬಾಣ ಹಾಕಿ, ಚೆಂದಾಗಿ ವಿವರಿಸಿದರು. ನಾನು ಇನ್ನೊಂದು ಪ್ರಶ್ನೆ ಕೇಳಿದೆ. ಅವರು ಒಂದು ಬಾಣ ಅಳಿಸಿದರು. ಮತ್ತೊಂದು ಕೇಳಿದೆ. ಎಲ್ಲ ಅಳಿಸಿ, ನಾಳೆ ಹೇಳುತ್ತೇನೆ ಮೇಡಂ ಎಂದರು. ಆ ನಾಳೆ ಇನ್ನೂ ಬಂದಿಲ್ಲ.

ಇನ್ನೊಂದು ದಿನದ ಅನುಮಾನ ಇನ್ನೂ ಗಡಚು. ನಮ್ಮ ತಲೆಯ ಮೇಲಿನ ಗಾಳಿಯಲ್ಲಿ ಅಷ್ಟು ನೀರಿದೆ, ಅದು ಅಡ್ಡ ಬರುತ್ತದೆ ಎಂದು ಅವರು ಆಚೆ ಹೋಗಿ ನೋಡುತ್ತಾರೆ ಅಂದಳಲ್ಲ ಆ ಹುಡುಗಿ? ಅಡ್ಡ ಬರುವಷ್ಟು ನೀರು ಮೂಡಲಗಿಯ ಮೇಲೆಯೇ ತೂಗಾಡುತ್ತಿದ್ದರೆ, ನಾವು ಇಷ್ಟು ವರ್ಷ ನೆಲಕ್ಕೆ ಯಾಕೆ ತೂತು ಹಾಕುತ್ತಿದ್ದೇವೆ? ಹೇಳಿ, ಇದಕ್ಕೆ ಏನು ಉತ್ತರ ಕೊಡುತ್ತೀರಿ? ನಾನು ಫೋನಿನಲ್ಲಿ ಆವಾಜೇ ಬರುತ್ತಿಲ್ಲ ಎಂದು ಸುಳ್ಳು ಹೇಳಿ ಇಟ್ಟುಬಿಟ್ಟೆ.

ಒಂದು ವಾರದ ಮೇಲೆ ಅವನಿಗೇ ಉತ್ತರ ಹೊಳೆಯಿತು. ಅಂದಿನ ಫೋನಿನಲ್ಲಿ ದನಿಯೇ ಬೇರೆ.

“ತಂಗಿ, ಚಿಕ್ಕಿ ಹುಟ್ಟೂ ಜಾಗ ಅಂದ್ರ ಬಾಣಂತಿ ಮನಿ. ಬಾಣಂತಿ ಮನ್ಯಾಗ ಹಂಡೇದಾಗ ನೀರ ಕಾಯಾಕ ಬೇಕಲ್ಲ. ಕೂಸ ಇದ್ದಲ್ಲಿ ಬಿಸಿನೀರ ಇಲ್ಲದ ಹೆಂಗ ನಡೀತೈತಿ?”

ನಾನು ರೊಟ್ಟಿ ಬಿಟ್ಟು ಯೋಚಿಸಿದೆ. ಮಂಜುಗಡ್ಡೆ, ಕಾಯುವುದು, ಹಬೆ. ಆ ಹುಡುಗಿ ಹೇಳಿದ್ದೂ ಸುಮಾರು ಹೀಗೇ ಇತ್ತಲ್ಲವೇ? ಮಾಮಾ ಹೇಳಿದ್ದು ತಪ್ಪಾಗಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಸರಿ ಇದ್ದಂತೆ ಕಾಣುತ್ತಿತ್ತು, ಅದಕ್ಕೇ ಇನ್ನಷ್ಟು ಗಲಿಬಿಲಿಯಾಯಿತು. ವಿಜ್ಞಾನದ ಸರ್‌ಗೆ ಹೇಳಿದೆ. ಅವರು ನನ್ನನ್ನು ಕಂಡರೆ ದಾರಿ ಬದಲಿಸತೊಡಗಿದರು.

ಅತ್ತ ಮೂಡಲಗಿಯ ಸಂತೆಯಲ್ಲೂ ಸುದ್ದಿ ಹಬ್ಬಿತು. ಚಹಾದಂಗಡಿಯಲ್ಲಿ ಇದೇ ಚರ್ಚೆ. ಆ ನೀರು ಎಂದಾದರೂ ಹಿಡಕಲ್ ಡ್ಯಾಮಿಗೆ ಬರುತ್ತದೆಯೇ ಎಂದು ಒಬ್ಬ ಕೇಳಿದನಂತೆ. ಬಂದರೂ ನಮ್ಮ ಕಾಲುವೆಗೆ ಬಿಡುವುದಿಲ್ಲ, ಮೇಲಿನವರೇ ತಿರುಗಿಸಿಕೊಳ್ಳುತ್ತಾರೆ ಎಂದು ಇನ್ನೊಬ್ಬ. ಧೂಳಿನ ಸಾವಕಾರನಿಗೆ ಈಗ ಚುಕ್ಕಿಯ ಹುಚ್ಚು ಹಿಡಿದಿದೆ ಎಂದು ಉಳಿದವರು. ಮಾಮಿ ನನಗೆ ಫೋನು ಮಾಡಿ, ನಿನ್ನ ಬಸ್ಸಿನಲ್ಲಿ ಕೂರಿಸಿಕೊಂಡು ಹೋಗಿ ಏನು ಮಾಡಿ ಕಳಿಸಿದಿಯೇ ನನ್ನ ಗಂಡನಿಗೆ ಎಂದು ಝಾಡಿಸಿದಳು. ಬೋರಿನ ಗಾಡಿಯವನು ಮುಂದಿನ ಸೋಮವಾರ ಬರುತ್ತೇನೆ ಎಂದಿದ್ದ. ಮಾಮಾ ಮಾತ್ರ ನಮ್ಮ ಜಾಗದ ಮಾತೆತ್ತಿದರೆ ನೋಡೋಣು ಎನ್ನುವುದನ್ನು ಬಿಡಲಿಲ್ಲ.

ಕೊನೆಗೆ, ಆ ಹುಡುಗಿಯನ್ನು ಇನ್ನೊಂದು ಸಲ ಕಾಣಬೇಕು ಎಂದು ಹಟ ಹಿಡಿದ. ರವಿವಾರ ಅವನನ್ನು ಕರೆದುಕೊಂಡು ಸಂಕೇಶ್ವರಕ್ಕೆ ಹೋದೆ. ಅವರ ಮನೆಯ ಅಂಗಳದ ತುಂಬ ಕೆಂಪು ಮೆಣಸಿನಕಾಯಿ ಒಣಹಾಕಿದ್ದರು. ಸೀನುತ್ತ ಸೀನುತ್ತ ಒಳಗೆ ಹೋದೆವು. ಹುಡುಗಿ ಗುರುತು ಹಿಡಿದು, ಇಂಚಿನ ಅಜ್ಜಾರು ಬಂದರು ಎಂದು ಚಹಾ ಕೊಟ್ಟಳು. ಮಾಮಾ ಚಹಾ ಮುಟ್ಟಲಿಲ್ಲ. ಬಸ್ಸಿನಲ್ಲಿ ಎರಡು ತಾಸು ಬಾಯಲ್ಲಿ ಹಿಡಿದುಕೊಂಡು ಬಂದಿದ್ದ ಪ್ರಶ್ನೆಯನ್ನು ಮೊದಲು ಕೇಳಿದ.

“ನೀವು ನೀರ ಐತಿ ಅಂದಲ್ಲಿ ಸಿಗದಿದ್ದದ್ದು ಐತೇನ್ರಿ?”

ಇದೆ ಎಂದಳು ಅವಳು, ಏನೂ ನಾಚಿಕೆಯಿಲ್ಲದೆ. ತಣ್ಣಗಿನ ಮೋಡಗಳಲ್ಲಿ ನೀರಿನ ಹಬೆ ಸಿಕ್ಕೇ ಸಿಗುತ್ತದೆ ಎಂದುಕೊಂಡಿದ್ದರಂತೆ. ನೋಡಿದರೆ ಅಂದುಕೊಂಡದ್ದಕ್ಕಿಂತ ಬಹಳ ಕಡಿಮೆ. ದೊಡ್ಡ ದೊಡ್ಡವರೆಲ್ಲ ಗಲಿಬಿಲಿಗೊಂಡು ತಲೆ ಕೆರೆದುಕೊಂಡರಂತೆ. ನೀರು ಎಲ್ಲೂ ಹೋಗಿರಲಿಲ್ಲ, ಧೂಳಿಗೆ ಮಂಜುಗಡ್ಡೆಯಾಗಿ ಅಂಟಿಕೊಂಡಿತ್ತು ಎಂದು ಆಮೇಲೆ ತಿಳಿಯಿತಂತೆ.

ಮಾಮಾ ಕುರ್ಚಿಯಿಂದ ಅರ್ಧ ಎದ್ದ. ಮುಖ ಊರಗಲ! ಕಲ್ಯಾಣಮಂಟಪದಲ್ಲಿ ಬಂದದ್ದೂ ಧೂಳೇ ಅಲ್ಲವೇ ಎಂದು ನನ್ನ ಕಡೆ ನೋಡಿದ. ಆ ಧೂಳಿಗೂ ಮೋಡದ ಧೂಳಿಗೂ ಸಂಬಂಧವಿಲ್ಲ ಎಂದು ಆ ಹುಡುಗಿ ಎಷ್ಟು ಮೃದುವಾಗಿ ತಿಳಿಸಿ ಹೇಳಿದಳೆಂದರೆ, ಇವನು ಅರ್ಧವನ್ನು ಮಾತ್ರ ಕೇಳಿಸಿಕೊಂಡ. ಆಮೇಲೆ ಮತ್ತೊಂದು ಕೇಳಿದ. ಸಿಗಲಿಲ್ಲ ಅಂದಾಗ ನಿಮ್ಮವರು ಏನು ಮಾಡಿದರು, ಮುಚ್ಚಿಟ್ಟರೋ? ಅವಳು ಇಲ್ಲ ಎಂದು ತಲೆಯಾಡಿಸಿದಳು.

“ಇಲ್ರಿ ಅಜ್ಜಾರ. ಸಿಗಲಿಲ್ಲ ಅಂದ್ರ ಸಿಗಲಿಲ್ಲ ಅಂತನ ಬರೀತೇವಿ. ಅದನ್ನ ಓದಿದವರು ಮುಂದ ಹುಡುಕತಾರ.”

ಇದು ಅವನ ಒಳಗೆ ಎಲ್ಲಿಗೋ ಹೋಗಿ ಕೂತಿತು. ಏಳುವಾಗ, ನೀವು ನೀರು ನೋಡುವಾಗ ಕೈ ಏನೂ ಬೇಕಾಗುವುದಿಲ್ಲ, ಖರೆಯೇ ಎಂದು ಕೇಳಿದ. ಅಷ್ಟು ದೂರಕ್ಕೆ ಯಾರ ಕೈ ಮುಟ್ಟುತ್ತದೆ ಎಂದು ಅವಳು ನಕ್ಕಳು. ಇವನು ನಗಲಿಲ್ಲ. ನಾನು ಬಸ್ಸು ತಪ್ಪಿದರೆ ಏನು ಗತಿ ಎಂಬ ಚಿಂತೆಯಲ್ಲಿದ್ದೆ, ಆ ಪ್ರಶ್ನೆ ಯಾಕೆ ಕೇಳಿದ ಎಂದು ಯೋಚಿಸಲಿಲ್ಲ. ದಾರಿಯಲ್ಲಿ, ನಾಳೆ ಬರುತ್ತೇನೆ ಎಂದ. ನನಗೆ ಖುಷಿಯಾಗಬೇಕಿತ್ತು, ಮೂರನೆಯ ಸಲವೂ ಧೂಳು ಬಂದರೆ ಏನು ಗತಿ ಎಂದು ಲೆಕ್ಕ ಹಾಕುತ್ತ ಕೂತೆ.

ಸೋಮವಾರ ಬೆಳಿಗ್ಗೆ ಬೋರಿನ ಗಾಡಿ ಬಂದು ಮೂಲೆಯಲ್ಲಿ ನಿಂತಿತ್ತು. ಅವ್ವ ಅರಿಷಿಣ ಕುಂಕುಮ, ಊದಿನಕಡ್ಡಿ ಹಿಡಿದು ತಯಾರು. ನೋಡಲು ಓಣಿಯ ಮಂದಿಯೂ ಸೇರಿದ್ದರು. ಪಾಯಿಂಟ್ ತಪ್ಪುವುದನ್ನು ನೋಡಲು ಬಂದವರೇ ಹೆಚ್ಚು ಎಂದು ನನಗೆ ಅನುಮಾನ. ಮಾಮಾ ಚಪ್ಪಲಿ ಬಿಟ್ಟ, ಗಡಿಯಾರ ಬಿಚ್ಚಿ ನನ್ನ ಕೈಗೆ ಕೊಟ್ಟ, ಕಾಯಿಯನ್ನು ಅಂಗೈ ಮೇಲೆ ಮಲಗಿಸಿಕೊಂಡು ನಡೆಯತೊಡಗಿದ. ಈಶಾನ್ಯದ ಮೂಲೆಗೆ ಹೋಗುತ್ತಲೇ ಕಾಯಿ ತುಸು ಎದ್ದಿತು. ಅವ್ವ ಕೈ ಮುಗಿದಳು. ನಾಲ್ಕು ಹೆಜ್ಜೆ ಮುಂದೆ ಮತ್ತೆ ಎದ್ದಿತು. ಕಂಪೌಂಡಿನ ಹತ್ತಿರ ಎದ್ದಿತು. ಗೇಟು ಬರುವ ಜಾಗದಲ್ಲಿ ಎದ್ದಿತು. ಅಷ್ಟು ಸಣ್ಣ ಜಾಗದಲ್ಲಿ ಏಳೆಂಟು ಕಡೆ ಕಾಯಿ ಎದ್ದಿತು! ಇದರ ಕೆಳಗೆ ಕೆರೆಯೇ ಇದೆಯಲ್ಲಪ್ಪ ಎಂದು ಗಾಡಿಯವನು ನಗುತ್ತಿದ್ದ. ಮಾಮಾ ನಡುವೆ ಎಲ್ಲೋ ನಿಂತುಬಿಟ್ಟ, ಮುಂದಕ್ಕೂ ಹೋಗಲಿಲ್ಲ, ಹಿಂದಕ್ಕೂ ಬರಲಿಲ್ಲ. ಏನಾಯಿತೋ ಎಂದು ಹತ್ತಿರ ಹೋದೆ. ಹತ್ತಿರ ಹೋದಾಗಲೇ ಕಂಡದ್ದು. ಮಣಿಕಟ್ಟಿನಿಂದ ಬೆರಳಿನ ತುದಿಯವರೆಗೂ ಅವನ ಕೈ ಸಣ್ಣಗೆ ನಡುಗುತ್ತಿತ್ತು.

“ತಂಗಿ, ಕಾಯಿ ಏಳಾಕತ್ತೈತೋ ಕೈ ನಡಗಾಕತ್ತೈತೋ, ನನಗ ತಿಳಿವಲ್ದು,” ಎಂದ, ನನಗೊಬ್ಬಳಿಗೇ ಕೇಳುವಂತೆ. “ವರ್ಷದ ಮ್ಯಾಲಾತು. ಯಾರ ಮುಂದನೂ ಹೇಳಿಲ್ಲ.”

ವರ್ಷದ ಮೇಲೆ! ಅಂದರೆ ಕಲ್ಯಾಣಮಂಟಪಕ್ಕಿಂತ ಮೊದಲೇ. ಇಷ್ಟು ದಿನ ಅವನು ಚುಕ್ಕಿಯ ಹಿಂದೆ ಯಾಕೆ ಬಿದ್ದಿದ್ದ ಎಂದು ನನಗೆ ಆಗ ತಿಳಿಯಿತು. ಮುಟ್ಟದೆ, ಕೈಯ ಹಂಗಿಲ್ಲದೆ ನೀರು ನೋಡುವವರು ಎಲ್ಲೋ ಇದ್ದಾರೆ ಎಂದು ಕೇಳಿದ ದಿನದಿಂದ ಅವನು ಒಂದು ದಾರಿ ಹುಡುಕುತ್ತಿದ್ದ. ನಾನು ಫೋನು ಕೇಳುತ್ತಿಲ್ಲ ಎಂದು ಸುಳ್ಳು ಹೇಳಿ ಇಟ್ಟಿದ್ದೆ. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

ನಮ್ಮ ಮನೆಯವರೂ ಬಂದಿದ್ದರು. ಒಳ್ಳೆಯ ಮನುಷ್ಯ ಎಂದು ಮನೆಯಲ್ಲಿ ಎಂದೂ ಹೇಳಿಲ್ಲ, ಇಲ್ಲಿ ಬರೆದಿರುತ್ತೇನೆ. ಮಾಮಾನ ಕೈ ನೋಡಿದರು. ನೀವು ನಿಂತಲ್ಲೇ ಹೊಡೆಸೋಣ, ನೀರು ಬಿದ್ದರೆ ಬಿತ್ತು, ಬಿಟ್ಟರೆ ಬಿಟ್ಟಿತು ಎಂದು ಮೆಲ್ಲಗೆ ಹೇಳಿದರು. ಮಿಶನ್ ಬೇಕು ಎಂದು ತಿಂಗಳುಗಟ್ಟಲೆ ನನ್ನ ಜೊತೆ ಜಗಳವಾಡಿದ್ದ ಅದೇ ಮನುಷ್ಯ! ಮಾಮಾ ತಲೆ ಅಲ್ಲಾಡಿಸಿದ.

“ನನ್ನ ಮಾನಾ ಉಳಸಾಕ ಭೂಮಿಗಿ ತೂತ ಹಾಕಬ್ಯಾಡ್ರಿ ಅಳಿಯಂದ್ರ.”

ಆಮೇಲೆ ಸೇರಿದ ಮಂದಿಯ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ ಹೇಳಿದ. ಇಲ್ಲಿ ನೀರು ಎಲ್ಲಿದೆ ಎಂದು ನನಗೆ ತಿಳಿಯಲಿಲ್ಲ, ಮಿಶನ್ನಿನವನನ್ನು ಕರೆಯಿರಿ. ಇಷ್ಟೇ. ನಗಬೇಕೆಂದು ಬಂದವರು ಯಾಕೋ ನಗಲಿಲ್ಲ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ಬೋರಿಗೆ ಏನಾಯಿತು ಎಂದು ನೀವು ಕೇಳುತ್ತೀರಿ, ಗೊತ್ತು. ಮಧ್ಯಾಹ್ನ ಮಿಶನ್ನಿನವನು ಬಂದ. ಅವನು ಹೋದಲ್ಲೆಲ್ಲ ಮಾಮಾ ಬೆನ್ನಿಗೆ ಬಿದ್ದು ಪ್ರಶ್ನೆ ಕೇಳಿ ಕೇಳಿ ಅವನಿಗೂ ತಲೆ ಕೆಡಿಸಿದ. ಸಂಜೆಯ ಹೊತ್ತಿಗೆ ನೀರು ಬಿತ್ತು, ಎರಡು ಇಂಚು. ಎಲ್ಲರಿಗಿಂತ ಮೊದಲು ಕೆಸರಿಗೆ ಇಳಿದು ನೀರು ಬಾಯಿಗೆ ಹಾಕಿಕೊಂಡವನು ಮಾಮಾನೇ. ಸಿಹಿ ಐತಿ ಎಂದು ಕೂಗಿ ಹೇಳಿದ.

ಮರುದಿನ ಅವನನ್ನು ಗೋಕಾಕದಲ್ಲೇ ಡಾಕ್ಟರರಿಗೆ ತೋರಿಸಿದೆ. ಗುಳಿಗೆ ಬರೆದುಕೊಟ್ಟರು, ನಡುಕ ಕಡಿಮೆಯಾದೀತು, ಪೂರ್ತಿ ಹೋಗಲಿಕ್ಕಿಲ್ಲ ಎಂದರು. ಬಸ್‌ಸ್ಟ್ಯಾಂಡಿನಲ್ಲಿ ಮೂಡಲಗಿ ಬಸ್ಸಿಗೆ ಕಾಯುತ್ತ ನಿಂತಿದ್ದೆವು. ಅವನು ಬಲಗೈಯನ್ನು ಅಂಗಿಯ ಕಿಸೆಯಲ್ಲಿ ಅಡಗಿಸಿಕೊಂಡಿದ್ದ. ನಾನು ಅದನ್ನು ಹೊರಗೆ ತೆಗೆದು ನನ್ನ ಎರಡೂ ಕೈಯಲ್ಲಿ ಹಿಡಿದುಕೊಂಡೆ. ಸುತ್ತ ಮಂದಿ, ನಾಚಿಕೊಂಡ.

“ಬಿಡ ತಂಗಿ, ನಡಗತೈತಿ.”

“ನಡಗಲಿ ಮಾಮಾ.”

ಬಸ್ಸು ಬರುವವರೆಗೂ ಬಿಡಲಿಲ್ಲ. ನಡುಗುತ್ತಿದ್ದದ್ದು ಅವನ ಕೈಯೋ ನನ್ನವೋ, ಖರೆ ಹೇಳುತ್ತೇನೆ, ನನಗೂ ತಿಳಿಯಲಿಲ್ಲ.